ನಲವತ್ತೆಂಟನೆಯ ನಕ್ಷತ್ರ

ಫಾನಾ: ನಲವತ್ತೇಳು ಅಂದಿದ್ದು ಯಾರ್ರೀ? ನಾನಾ, ನೀವಾ?

ಸೆಲೆದೋನಿಯೊ: ನಾನೇ ಕಣೇ. ಆಗ ಅಷ್ಟೇ ಇತ್ತು. ಮೊನ್ನೆ ಬುಧವಾರ ಅರಿಜೋನಾನೂ ರಾಜ್ಯ ಆಗ್ಬಿಡ್ತಂತೆ. ರಾಜ್ಯಕ್ಕೊಂದು ನಕ್ಷತ್ರ ಅಲ್ವಾ, ಬಾವುಟಕ್ಕೆ ಇನ್ನೊಂದು ಹೊಲಿ.

ಫಾನಾಳ ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಬಾವುಟ. 1912ರ ಫೆಬ್ರವರಿ; ಅವರಿದ್ದ ನ್ಯೂ ಮೆಕ್ಸಿಕೋ ಅಮೆರಿಕದ ನಲವತ್ತೇಳನೆಯ ರಾಜ್ಯವಾಗಿ ಆರು ವಾರವಾಗಿತ್ತು. ಹಿಮ ಬಿದ್ದು ಮುಂದೆ ಹೋಗುತ್ತಲೇ ಇದ್ದ ಊರಿನ ಸಂಭ್ರಮ ನಾಳೆ ಭಾನುವಾರಕ್ಕೆ ಬಂದು ನಿಂತಿತ್ತು. ಬಾವುಟ ಅವಳ ಪಾಲಿಗೆ, ಭಾಷಣ ಗಂಡನ ಪಾಲಿಗೆ.

ಫಾನಾ: ಬಿಳಿ ಬಟ್ಟೆ ಮುಗೀತು.

ಸೆಲೆದೋನಿಯೊ: ಅಗೋ, ಅಲ್ಲಿದೆಯಲ್ಲ!

ಫಾನಾ: ಅದು ನಾಳೆ ಚರ್ಚಲ್ಲಿ ಜ್ಞಾನಸ್ನಾನ ಮಾಡ್ಸಿ ಹೆಸರಿಡೋವಾಗ ಮಗೂಗೆ ಹಾಕೋ ನಿಲುವಂಗಿ. ಅಲ್ಲಿ ಮಗೂನ ಎತ್ಕೊಂಡು ನಿಲ್ಲೋ ಜ್ಞಾನತಾಯಿ ಲಿಯೊಕಾದಿಯಾ ಕೊಟ್ಟಿರೋ ಬಟ್ಟೆ. ಒಂದು ಗೇಣು ಕಮ್ಮಿ ಆದ್ರೂ ಆಯಮ್ಮ ಸಾಯೋವರೆಗೂ ಮಾತಾಡ್ಸಲ್ಲ.

ಸೆಲೆದೋನಿಯೊ: ಎಂಟೆಂಟರ ಆರು ಸಾಲು, ಮೂಲೇಲಿ ಒಂದು ಖಾಲಿ. ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಅಮೆರಿಕಕ್ಕೇ ಅವಮಾನ!

ಫಾನಾ: ಅಮೆರಿಕಕ್ಕೆ ನಾವಿರೋದೇ ಗೊತ್ತಿಲ್ಲ. ನಮಗೆ ಬರೋ ಕಾಗದ, ಹೆಸರು ನೋಡಿ ಮೋಸಹೋಗಿ, ಇನ್ನೂ ಮೆಕ್ಸಿಕೋ ದೇಶ ಸುತ್ಕೊಂಡು ಬರುತ್ತೆ. ರಾಜ್ಯ ಮಾಡ್ದೆ ಅರವತ್ತೆರಡು ವರ್ಷ ನಮ್ಮನ್ನ ಬಾಗಿಲಲ್ಲಿ ನಿಲ್ಸಿದ್ರು. ಅರಿಜೋನಾ ಒಂದು ದಿನ ನಿಂತ್ರೆ ಕಾಲು ಸವೆಯುತ್ತಾ?

ಸೆಲೆದೋನಿಯೊ: ರಾಜ್ಯದ ವಿಷಯ ಹೆಂಗಸರಿಗೆ ಅರ್ಥ ಆಗಲ್ಲ.

ಫಾನಾಳ ಸೂಜಿ ನಿಂತಿತು. ಮಗು ಕೂಡ ಹಾಲು ಬಿಟ್ಟು ಅಪ್ಪನನ್ನು ನೋಡಿತು.

ಫಾನಾ: ರಾಜ್ಯ ಆಯ್ತಲ್ಲ, ನಿಮಗೆ ಓಟಿದೆಯಾ?

ಸೆಲೆದೋನಿಯೊ: ಎಲ್ಲಕ್ಕೂ ಇದೆ!

ಫಾನಾ: ನನಗೆ?

ಸೆಲೆದೋನಿಯೊ: ಇದೆಯಲ್ಲೇ... ಶಾಲೆ ಚುನಾವಣೆಗೆ.

ಫಾನಾ: ಶಾಲೆ ನಂದು. ಸರಿ, ಮಿಕ್ಕ ರಾಜ್ಯ ಗಂಡಸರದು. ನಕ್ಷತ್ರನೂ ಗಂಡಸರದೇ ತಾನೆ?

ಸೆಲೆದೋನಿಯೊ: ಹೌದು ಮತ್ತೆ!

ಫಾನಾ: ಹಾಗಾದ್ರೆ ಬಟ್ಟೆನೂ ಗಂಡಸರದೇ ಬರಲಿ.

ಅವನು ಬಾಯಿ ತೆರೆಯುವಷ್ಟರಲ್ಲಿ, ಭಾಷಣಕ್ಕೆಂದು ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿದ್ದ ಅವನ ಬಿಳಿ ಅಂಗಿಯ ಬೆನ್ನಲ್ಲಿ ಫಾನಾಳ ಕತ್ತರಿ ಆಡಿತು.

ಸೆಲೆದೋನಿಯೊ: ಅಯ್ಯೋ ಮಾತೆ ಮರಿಯಾ! ನನ್ನ ಮದುವೆ ಅಂಗಿ!

ಫಾನಾ: ಕಿರುಚಬೇಡಿ, ಮಗು ಬೆಚ್ಚುತ್ತೆ. ಮುಂದೆ ಚೆನ್ನಾಗೇ ಇದೆ, ಮೇಲೆ ಕೋಟು ಹಾಕ್ಕೊಳ್ಳಿ.

ಭಾನುವಾರ ನಿಲುವಂಗಿ ಮಗುವಿನ ಪಾದ ದಾಟಿ ಮೊಳ ಉದ್ದ ಇಳಿಬಿದ್ದಿತ್ತು. ಲಿಯೊಕಾದಿಯಾ ಅದನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದಳು. ನಲವತ್ತೆಂಟು ನಕ್ಷತ್ರಗಳ ಕೆಳಗೆ ಸೆಲೆದೋನಿಯೊ ಒಂದು ಗಂಟೆ ಗುಡುಗಿದ. ಪಿಟೀಲು ಶುರುವಾದಾಗ ಬೆವರಿಳಿಯುತ್ತಿದ್ದ ಅವನನ್ನು ಊರವರು ಕುಣಿಯಲು ಎಳೆದರು. ಅವನ ಕೈ ಕೋಟಿನ ಗುಂಡಿಗೆ ಹೋಯಿತು.

ಫಾನಾ (ಕಿವಿಯಲ್ಲಿ): ರೀ, ಬಿಚ್ಚಬೇಡಿ. ಅರಿಜೋನಾ ಕಾಣುತ್ತೆ.