ಅತ್ತೆಗೆ ಹಿಡಿದ ರ‍್ಯಾಪ್ ಹುಚ್ಚು

ನನ್ನ ಅತ್ತೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕೆಟ್ಟುಹೋದರು. ಕೆಡಿಸಿದವನು ನಾನೇ! ಅತ್ತೆ ಎಂದರೆ ಅಪ್ಪನ ಅಕ್ಕ. ಹೆಂಡತಿಯ ತಾಯಿಯ ಬಗ್ಗೆ ಹೀಗೆ ಬರೆಯುವಷ್ಟು ಧೈರ್ಯ ಯಾರಿಗುಂಟು?

ಮೂವತ್ತು ವರ್ಷ ಕನ್ನಡ ಟೀಚರಾಗಿದ್ದವರು. ಕಾರ್ಕಳದಲ್ಲಿ ಬಸ್ಸು ಹತ್ತುವಾಗ ಶುರು ಮಾಡಿದ ವಾಕ್ಯಕ್ಕೆ ಉಡುಪಿಯಲ್ಲಿ ಇಳಿದ ಮೇಲೆ ಪೂರ್ಣವಿರಾಮ ಇಡುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಮಾಲಿಕನನ್ನೇ ಹೊರಗೆ ಕರೆದು ಪಾಠ ಮಾಡುತ್ತಿದ್ದರು. ಅಂಥವರಿಗೆ ಕಳೆದ ವರ್ಷ ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋಯಿತು. ಮಾತು ಮಾತ್ರ ನಾಲಿಗೆಯವರೆಗೆ ಬಂದು ನಿಂತುಬಿಡುತ್ತಿತ್ತು. ತಪ್ಪು ಮಾತಾಡುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಅವರು ಬಾಯಿ ಮುಚ್ಚಿದರು. ಪರ್ಕಳದ ನಮ್ಮ ಮನೆ ಅಷ್ಟು ಮೌನವಾದದ್ದು ಅದೇ ಮೊದಲು. ನಮಗೆಲ್ಲ ಹೆದರಿಕೆಯಾಯಿತು.

ಮಾತಿನ ತರಬೇತಿಗೆ ವಾರಕ್ಕೆರಡು ಸಲ ಮಣಿಪಾಲಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದು. ದಾರಿಯುದ್ದಕ್ಕೂ ಮಾತಾಡುವ ಕೆಲಸವೂ ನನ್ನದೇ. ಒಂದು ದಿನ ಕಾರು ಸ್ಟಾರ್ಟ್ ಮಾಡಿದ್ದೇ ತಡ, ನಾನು ಕೇಳುತ್ತಿದ್ದ ಆಲ್ಬಮ್ ತಾನಾಗಿ ಶುರುವಾಯಿತು. ಕಾಪುವಿನ ಇಬ್ಬರು ಹುಡುಗಿಯರ ರ‍್ಯಾಪ್. ಅದರಲ್ಲಿ ಪಲ್ಲವಿಯಿಲ್ಲ, ರಾಗವಿಲ್ಲ. ಮಿಕ್ಸಿಯ ಗರಗರ, ಕಂಡಕ್ಟರನ ಸೀಟಿ, ಅವುಗಳ ಮೇಲೆ ಉಸಿರು ಬಿಡದೆ ಸುರಿಯುವ ತುಳು, ಕನ್ನಡ. ಮೊದಲ ಸಲ ಕೇಳಿದಾಗ ನನಗೇ ತಲೆನೋವು ಬಂದಿತ್ತು! ಗಾಬರಿಯಿಂದ ಆಫ್ ಮಾಡಹೋದೆ. ಅತ್ತೆ ನನ್ನ ಕೈ ಹಿಡಿದರು.

"ಜ... ಜಗಳವಾ?"

"ಅಲ್ಲ ಅತ್ತೆ, ಹಾಡು."

"ಇನ್ನೊಮ್ಮೆ."

ಆಮೇಲೆ ವಾರಗಟ್ಟಲೆ ಕಾರಿನಲ್ಲಿ ಅವರು ಆಡಿದ್ದು ಆ ಒಂದೇ ಮಾತು, ಇನ್ನೊಮ್ಮೆ! ಮೂರನೆಯ ಸಲಕ್ಕೆ ಪ್ರಾಸ ಸಿಕ್ಕಿ ತೊಡೆ ತಟ್ಟಿದರು. ಆರನೆಯ ಸಲ, ಮಿಕ್ಸಿ ನಿಂತ ಕ್ಷಣವೇ ಹಾಡಿನಲ್ಲಿ ಬರುವ ತಾಯಿ ಮಗಳನ್ನು ಬೈಯುವುದೂ ನಿಲ್ಲುತ್ತದೆ ಎಂದು ಬೆರಳೆತ್ತಿ ತೋರಿಸಿದರು. ಇಪ್ಪತ್ತು ಸಲ ಕೇಳಿದ್ದ ನನಗೆ ಅದು ಹೊಳೆದೇ ಇರಲಿಲ್ಲ! ಹತ್ತನೆಯ ಸಲ ಅತ್ತೆಯೊಳಗಿನ ಟೀಚರು ಎದ್ದು ಕೂತರು.

"ಹಕಾರ ನುಂಗಿದಳು!"

ಮುಗಿಯಿತು ಆಲ್ಬಮಿನ ಕಥೆ ಎಂದುಕೊಂಡೆ. ಅತ್ತೆ ಮತ್ತೆರಡು ಸಲ ಅದನ್ನೇ ಕೇಳಿ, ನಿಧಾನವಾಗಿ ತೀರ್ಪು ಕೊಟ್ಟರು. "ತಪ್ಪಲ್ಲ. ತಾಳಕ್ಕೆ... ಹಾಗೇ ಬೇಕು."

ಅಲ್ಲಿಂದ ಅವರಿಗೂ ಧೈರ್ಯ ಬಂತು. ಬಸಳೆ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಎಲ್ಲೆಲ್ಲೂ ರ‍್ಯಾಪ್. ಪಕ್ಕದ ಮನೆಯವರು ನನ್ನನ್ನು ಗೇಟಿನ ಬಳಿ ತಡೆದರು. "ಎಂತ ಮಾರಾಯ, ನಿನ್ನ ಅತ್ತೆ ಬೆಳಗ್ಗಿನಿಂದ ಯಾರಿಗೆ ಬೈಯುವುದು?"

ಮಣಿಪಾಲದಲ್ಲಿ ತರಬೇತಿಯ ಮೇಡಂ ಎಂದಿನಂತೆ ಚಿತ್ರದ ಕಾರ್ಡು ಹಿಡಿದು, "ಇದು ಎಂತ, ಹೇಳಿ ಅಮ್ಮ" ಎಂದರು. ಅದರಲ್ಲಿದ್ದದ್ದು ಮಿಕ್ಸಿ! ಅತ್ತೆ ಆ ಮಿಕ್ಸಿ ಹಾಡಿನ ಒಂದು ಚರಣವನ್ನು ಪೂರ್ತಿ, ಎಲ್ಲಿಯೂ ನಿಲ್ಲದೆ ಒಪ್ಪಿಸಿದರು. ಮೇಡಂ ನನ್ನ ಮುಖ ನೋಡಿದರು. "ಇದು ನಾನು ಕಲಿಸಿದ್ದಲ್ಲ!"

ಹಿಂತಿರುಗಿ ಬರುವಾಗ ನಾನು ಆಲ್ಬಮ್ ಹಾಕಲು ಹೊರಟರೆ ಅತ್ತೆ ಬೇಡವೆಂದರು.

"ಇಷ್ಟು ದಿನ ಕಾರಿನಲ್ಲಿ... ನೀನೊಬ್ಬನೇ ಮಾತಾಡಿ ಸುಸ್ತಾಗಿದ್ದಿ, ಅಲ್ವಾ? ಇನ್ನು ನೀನು ಸುಮ್ಮನಿರು. ನಾನು ಮಾತಾಡುತ್ತೇನೆ."

ಮಾತಾಡಿದರು. ಎರಡು ಕಡೆ ತಡವರಿಸಿದರು, ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ನಾನು, ಕಾರನ್ನು. ರಸ್ತೆ ಕಾಣುತ್ತಿರಲಿಲ್ಲ.