ಮಾರ್ತಾಳಿಗೊಂದು ವಿಳಾಸ

ಈ ಪ್ರಸಂಗ ನಡೆದದ್ದು 2005ರಲ್ಲಿ ಎಂದು ನನ್ನ ದಿನಚರಿ ಹೇಳುತ್ತದೆ; 2006ರಲ್ಲಿ ಎಂದು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಾಳೆ. ಲಿಖಿತ ಆಕರಕ್ಕೂ ಮೌಖಿಕ ಆಕರಕ್ಕೂ ಭಿನ್ನಾಭಿಪ್ರಾಯ ಬಂದರೆ ಲಿಖಿತವನ್ನೇ ನಂಬಬೇಕೆಂಬುದು ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನ್ನ ನಿಲುವು. ಆದ್ದರಿಂದ 2005 ಎಂದಿಟ್ಟುಕೊಂಡು ಮುಂದುವರಿಯುತ್ತೇನೆ.

ಆ ವರ್ಷ ಜ್ಯೇಷ್ಠ ಮಾಸದ ಕೊನೆಯಲ್ಲಿ ಹಂಗೇರಿ ದೇಶದ ಮಾರ್ತಾ ಎಂಬ ಸಂಶೋಧಕಿ ಕೊಪ್ಪಕ್ಕೆ ಬಂದಿಳಿದಳು. ಮಲೆನಾಡಿನವರು ಅಡಿಗೆಗೆ ಬಳಸುವ ಸೊಪ್ಪುಗಳು ಅವಳ ವಿಷಯ. ಕನ್ನಡವನ್ನು ತನ್ನ ದೇಶದಲ್ಲೇ ಪುಸ್ತಕದಿಂದ ಕಲಿತಿದ್ದಳು. ಬಂದ ಹದಿನಾಲ್ಕು ದಿನಗಳೊಳಗೆ ಬಾಡಿಗೆ ಕರಾರಿನ ಸಮೇತ ಸ್ಥಳೀಯ ವಿಳಾಸವನ್ನು ಪೊಲೀಸರಿಗೆ ಸಲ್ಲಿಸಬೇಕಿತ್ತು. ಇಲ್ಲವಾದರೆ ಅನುಮತಿ ರದ್ದಾಗಿ ಹಂಗೇರಿಗೆ ವಾಪಸು. ಯಾರೋ ನನ್ನ ಹೆಸರು ಹೇಳಿದರೆಂದು ನಮ್ಮ ಮನೆಗೆ ಬಂದು, ಬಾಡಿಗೆ ಮನೆ ಹುಡುಕಿಕೊಡಬಹುದೇ ಎಂದು ಕೇಳಿದಳು.

"ಮೂರು ದಿನ ಸಾಕು. ಒಂದು ಸಾವಿರ ವರ್ಷ ಹಿಂದಿನವರ ವಿಳಾಸವನ್ನೇ ಪತ್ತೆ ಹಚ್ಚಿದವನು ನಾನು," ಎಂದೆ.

ಸಾವಿತ್ರಿ ಹುಬ್ಬೇರಿಸಿದಳು. "ನಮ್ಮ ಮಹಡಿ ಖಾಲಿ ಇದೆಯಲ್ಲ?"

"ಅದು ಖಾಲಿಯಲ್ಲ. ಅದು ಸಂಶೋಧನಾ ವಿಭಾಗ."

ಮಹಡಿಯೂ ನಮ್ಮದಲ್ಲ, ಕೆಳಮನೆಯೂ ನಮ್ಮದಲ್ಲ. ಎರಡೂ ಪಕ್ಕದ ಮನೆಯ ಶೇಷಪ್ಪಯ್ಯನವರವು. ಕೆಳಗೆ ಹತ್ತೊಂಬತ್ತು ವರ್ಷಗಳಿಂದ ಬಾಡಿಗೆಗಿದ್ದೆವು. ಮಹಡಿಯಲ್ಲಿ ನನ್ನ ಟಿಪ್ಪಣಿಗಳ ಗಂಟುಗಳು ಅವರ ದಾಕ್ಷಿಣ್ಯದ ಮೇಲೆ ವಾಸವಾಗಿದ್ದವು. ಲಾಡ್ಜಿನ ಕೋಣೆಯಲ್ಲಿ ಹಿಡಿಸದ ಮಾರ್ತಾಳ ದೊಡ್ಡ ಸೂಟ್‌ಕೇಸನ್ನು ಮಾತ್ರ ನಮ್ಮ ಜಗಲಿಯಲ್ಲಿರಿಸಿಕೊಂಡು ನಾವು ಮನೆ ಹುಡುಕಲು ಹೊರಟೆವು.

ಮೊದಲನೆಯದು ಬಾಳಗಡಿಯಲ್ಲಿ. ಮಾಲೀಕರು ಕಾಫಿ ಕೊಟ್ಟು, ಮಾರ್ತಾಳ ಊರು, ಅಪ್ಪ, ಅಜ್ಜ ಎಲ್ಲ ವಿಚಾರಿಸಿದರು. ಹಂಗೇರಿಯಲ್ಲಿ ಅವರಿಗೆ ನೆಂಟರು ಯಾರೂ ಸಿಗಲಿಲ್ಲ. ಆದರೂ ಬೇಸರಿಸದೆ, "ಇರ್ಲಿ ಬಿಡಿ. ನಮ್ಮಜ್ಜ ನೂರು ವರ್ಷದ ಹಿಂದೆ ಕಟ್ಟಿದ ಮನೆ ಇದು. ಒಳ್ಳೆಯವರು ಇರ್ಬೇಕು, ಅಷ್ಟೇ," ಎಂದರು.

ನಾನು ತಲೆಯೆತ್ತಿದೆ. ಅದೇ ತಪ್ಪಾಯಿತು. ಮಾಡಿನ ಹೆಂಚಿನ ಅಡಿಯಲ್ಲಿ ಕಾರ್ಖಾನೆಯವರು ಅಚ್ಚೊತ್ತಿದ ಇಸವಿಯಿತ್ತು.

"ಕ್ಷಮಿಸಿ, ಇದು ನೂರು ವರ್ಷದ್ದಲ್ಲ. ಹೆಂಚಿನ ಪ್ರಕಾರ ನಲವತ್ತೊಂದು."

"ಹೆಂಚು ಆಮೇಲೆ ಹೊದೆಸಿದ್ದಿರ್ಬಹುದು."

"ಹಾಗಾದರೆ ಹೆಂಚು ಹೊತ್ತ ಪಕಾಸಿಗಳೂ ಆಮೇಲಿನವೇ. ನಿಮ್ಮ ಅಜ್ಜ ತೀರಿಕೊಂಡದ್ದು ಯಾವಾಗ?"

ಅಜ್ಜ ತೀರಿಕೊಂಡದ್ದು ಮನೆ ಕಟ್ಟುವ ಮೊದಲೆಂದು ಹತ್ತು ನಿಮಿಷದಲ್ಲಿ ನಿಸ್ಸಂದೇಹವಾಗಿ ಸಿದ್ಧಪಡಿಸಿದೆ. ಮಾಲೀಕರು ನಮ್ಮ ಕಾಫಿ ಲೋಟಗಳನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

"ತಾವು ಸತ್ಯವನ್ನೇ ನುಡಿದಿರಿ. ಆದರೆ ಮನೆ ದೊರೆಯಲಿಲ್ಲ," ಎಂದಳು ಮಾರ್ತಾ, ಪುಸ್ತಕದ ಕನ್ನಡದಲ್ಲಿ.

ಎರಡನೆಯದು ಶೃಂಗೇರಿಯಲ್ಲಿ. ಒಬ್ಬರೇ ಇದ್ದ ವಯಸ್ಸಾದ ಹೆಂಗಸು, ಹಿತ್ತಿಲ ಕಡೆಯ ಎರಡು ಕೋಣೆ. ಮಾರ್ತಾ ಹಿತ್ತಿಲಲ್ಲಿದ್ದ ಒಂದೆಲಗವನ್ನು ಗುರುತಿಸಿ ತಂಬುಳಿಯ ವಿಚಾರ ಎತ್ತುತ್ತಲೇ ಆಕೆ ಕರಗಿಹೋದರು.

"ನೀನು ಇವತ್ತೇ ಬಂದು ಹಾಲುಕ್ಕಿಸಿಬಿಡು ಕೂಸೆ. ನಾಳೆ ಅಮಾವಾಸ್ಯೆ, ನಾಡಿದ್ದಿಂದ ಆಷಾಢ. ಆಷಾಢದಲ್ಲಿ ಮನೆಗೆ ಯಾರನ್ನೂ ಸೇರಿಸೋ ಹಾಗಿಲ್ಲ."

ಆಕೆ ಆಗಲೇ ಒಳಗಿನಿಂದ ಹಾಲಿನ ಪಾತ್ರೆಯನ್ನೂ ತಂದರು. ಮಾರ್ತಾಳ ಮುಖ ಅರಳಿತು. ಎಲ್ಲವೂ ಮುಗಿದಿತ್ತು. ಆದರೆ ತಿಥಿಯೊಂದನ್ನು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಪರಿಶೀಲಿಸದೆ ಒಪ್ಪಿಕೊಳ್ಳುವುದು ನನ್ನಿಂದಾಗದು. ಚೀಲದಿಂದ ಪಂಚಾಂಗ ತೆಗೆದೆ.

"ಒಂದು ಸಣ್ಣ ತಿದ್ದುಪಡಿ. ಅಮಾವಾಸ್ಯೆ ಈ ದಿನ ಹತ್ತು ಗಂಟೆಗೇ ಪ್ರಾರಂಭವಾಗಿದೆ. ಈಗ ಹನ್ನೊಂದು."

ಆಕೆ ಹಾಲಿನ ಪಾತ್ರೆಯನ್ನು ಕೆಳಗಿಟ್ಟರು. "ಹೌದಾ? ನಂಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿಲ್ಲದೆ ಮಾಡಿದರೆ ದೋಷವಿಲ್ಲವಲ್ಲ," ಎಂದು ಗಾಬರಿಯಿಂದ ಸೇರಿಸಿದೆ.

"ಗೊತ್ತಿಲ್ಲದಿದ್ರೆ ನಡೀತಿತ್ತು ಮಾರಾಯ್ರೆ. ಈಗ ಗೊತ್ತಾಯ್ತಲ್ಲ. ಶ್ರಾವಣಕ್ಕೆ ಬನ್ನಿ."

"ಶ್ರಾವಣದಲ್ಲಿ ನಾನು ಹಂಗೇರಿಯಲ್ಲಿರುತ್ತೇನೆ," ಎಂದು ಮಾರ್ತಾ ಮೆಲ್ಲನೆ ಹೇಳಿದಳು. ಕೊಪ್ಪದ ಬಸ್ಸಿನಲ್ಲಿ ಅವಳು ನನ್ನ ಪಂಚಾಂಗವನ್ನು ಕೇಳಿ ಪಡೆದು, ತನ್ನ ಚೀಲದೊಳಗಿಟ್ಟುಕೊಂಡು ಜಿಪ್ ಎಳೆದಳು.

ಇನ್ನು ಬಾಯಿ ತೆರೆಯಬಾರದೆಂದು ನಿರ್ಧರಿಸಿದೆ. ಬರೆಯಬಾರದೆಂದು ನಿರ್ಧರಿಸಬೇಕಿತ್ತು. ನರಸಿಂಹರಾಜಪುರದಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಮನೆಯಿದೆಯೆಂದು ತಿಳಿದಾಗ, ಅವರಿಗೆ ಕೊಡಲೆಂದು ಮಾರ್ತಾಳ ಪರಿಚಯಪತ್ರ ಸಿದ್ಧಪಡಿಸಿದೆ. ಹನ್ನೊಂದು ಪುಟ, ಇಪ್ಪತ್ತಾರು ಅಡಿಟಿಪ್ಪಣಿ. ಆಕೆಯ ಸನ್ನಡತೆಗೆ ಮೂರು ಸ್ವತಂತ್ರ ಸಾಕ್ಷ್ಯಗಳು. ಆಕೆಯ ಮೇಲೆ ಯಾವುದೇ ಮೊಕದ್ದಮೆ ಇದ್ದ ಬಗ್ಗೆ ಈವರೆಗೆ ಆಧಾರ ದೊರೆತಿಲ್ಲವೆಂಬ ಸ್ಪಷ್ಟನೆ.

ವ್ಯಾಪಾರಿಗಳು ವಿಭೂತಿ ಹಚ್ಚಿದ ಹಣೆಯನ್ನು ನೆರಿಗೆಗಟ್ಟಿ ನಾಲ್ಕನೆಯ ಪುಟದವರೆಗೆ ಓದಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಸ್ವಾಮಿ, ಹುಡುಗಿ ನೋಡಿದ್ರೆ ಪಾಪ ಅನ್ಸುತ್ತೆ. ಹಾಗೇ ಕರ್ಕೊಂಡು ಬಂದಿದ್ರೆ ಬೀಗದ ಕೈ ಕೊಟ್ಟುಬಿಡ್ತಿದ್ದೆ. ಆದ್ರೆ ಇಷ್ಟು ಸಾಕ್ಷಿ ಬೇಕಾಗಿದೆ ಅಂದ್ರೆ ಎಂತದೋ ಇರ್ಬೇಕಲ್ಲ?"

ಹದಿಮೂರನೆಯ ದಿನ ಮಾರ್ತಾ ನಮ್ಮ ಜಗಲಿಗೆ ಬಂದು ಸೂಟ್‌ಕೇಸಿನ ಪಟ್ಟಿ ಬಿಗಿಯತೊಡಗಿದಳು. ಎರಡು ವರ್ಷ ಅರ್ಜಿ ಹಾಕಿ ಪಡೆದ ಅನುಮತಿಯಂತೆ. ಅಳಲಿಲ್ಲ. ಒಣಗಿಸಿ ಕಾಗದಕ್ಕೆ ಅಂಟಿಸಿದ್ದ ಒಂದೇ ಒಂದು ಒಂದೆಲಗದ ಎಲೆಯನ್ನು ಬಟ್ಟೆಗಳ ನಡುವೆ ಜೋಪಾನವಾಗಿರಿಸಿದಳು. ನಾನು ಮಹಡಿಯ ಮೆಟ್ಟಿಲನ್ನು ನೋಡದಂತೆ ಕುಳಿತಿದ್ದೆ.

ಸಾವಿತ್ರಿ ನನ್ನನ್ನೊಮ್ಮೆ ನೋಡಿದಳು. ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದಳು. ಐದೇ ನಿಮಿಷಕ್ಕೆ ಶೇಷಪ್ಪಯ್ಯನವರ ಹೆಂಡತಿ ಜಲಜಮ್ಮನೊಂದಿಗೆ ಹಿಂದಿರುಗಿದಳು.

"ಮಹಡಿ ಕೊಡೋದಕ್ಕೆ ಎಂತ ತೊಂದರೆಯೂ ಇಲ್ಲ. ಆದ್ರೆ ಈಗ ಆಷಾಢ ಅಲ್ದಾ?" ಎಂದರು ಜಲಜಮ್ಮ.

"ಅವಳ ಪೆಟ್ಟಿಗೆ ಜ್ಯೇಷ್ಠದಲ್ಲೇ ಇಲ್ಲಿಗೆ ಬಂದಾಯ್ತಲ್ಲ ಜಲಜಕ್ಕ," ಎಂದಳು ಸಾವಿತ್ರಿ. "ಈಗ ಮನೆ ಸೇರೋದೆಲ್ಲಿ? ಮೆಟ್ಟಿಲು ಹತ್ತೋದು, ಅಷ್ಟೇ."

ಜಲಜಮ್ಮ ಸೂಟ್‌ಕೇಸನ್ನು ನೋಡಿದರು. "ಹೌದಲ್ಲ," ಎಂದರು.

ಈ ವಾದದಲ್ಲಿ ಕನಿಷ್ಠ ಮೂರು ದೋಷಗಳಿದ್ದವು. ನಾನು ಬಾಯಿ ತೆರೆದೆ. ಮಾರ್ತಾ ನನ್ನ ಕಡೆ ತಿರುಗಿ, ಕೊಪ್ಪದಲ್ಲಿ ಹದಿಮೂರು ದಿನಗಳಲ್ಲಿ ಕಲಿತ ಕನ್ನಡದಲ್ಲಿ ಹೇಳಿದಳು: "ಸುಮ್ನಿರಿ ಮಾರಾಯ್ರೆ."

ಸಂಶೋಧನಾ ವಿಭಾಗ ಅಂದೇ ಸೌದೆ ಕೊಟ್ಟಿಗೆಗೆ ಸ್ಥಳಾಂತರಗೊಂಡಿತು. ಕರಾರು ಮರುದಿನವೇ ತಯಾರಾಗಿ, ಹದಿನಾಲ್ಕನೆಯ ದಿನ ಮಧ್ಯಾಹ್ನ ಪೊಲೀಸರ ಕೈ ಸೇರಿತು.

ವಾರ ಕಳೆದ ಮೇಲೆ ಪೇದೆಯೊಬ್ಬರು ಪರಿಶೀಲನೆಗೆ ಬಂದರು. ಮಾರ್ತಾಳ ಕಾಗದಗಳೆಲ್ಲ ಸರಿಯಾಗಿದ್ದವು. ಆಕೆಯನ್ನು ಬಲ್ಲ ಸ್ಥಳೀಯನೆಂದು ಸಹಿ ಹಾಕಲು ನಾನು ಗಂಭೀರವಾಗಿ ಪೆನ್ನು ತೆರೆದೆ.

"ನೀವು ಇಲ್ಲೇ ಇರೋದಕ್ಕೆ ಎಂತ ದಾಖಲೆ ಇದೆ ಸಾರ್?" ಎಂದು ಪೇದೆ ಕೇಳಿದರು.

ರೇಷನ್ ಕಾರ್ಡು ಮೈಸೂರಿನದು. ಮತದಾರರ ಪಟ್ಟಿಯಲ್ಲಿ ನಾನು ಇನ್ನೂ ಶಿವಮೊಗ್ಗದಲ್ಲಿದ್ದೆ. ಬಾಡಿಗೆ ಕರಾರು? ಹತ್ತೊಂಬತ್ತು ವರ್ಷ ಎಲ್ಲವೂ ಬಾಯಿಮಾತಿನಲ್ಲೇ ನಡೆದಿತ್ತು. ಶೇಷಪ್ಪಯ್ಯನವರು ಜಲಜಮ್ಮನ ಸಮೇತ ಮೇಗುಂದದ ತೋಟಕ್ಕೆ ಔಷಧಿ ಹೊಡೆಸಲು ಹೋಗಿದ್ದರು.

ಪೇದೆ ಕಾಗದಗಳನ್ನು ತಿರುವಿದರು. "ಈ ವಿಳಾಸಕ್ಕೆ ಕರಾರು ಇರೋದು ಈಯಮ್ಮಂದೇ. ಒಂದು ಕೆಲಸ ಮಾಡಿ. ನೀವು ಕೆಳಗೆ ಇದ್ದೀರಿ ಅಂತ ಇವ್ರೇ ಬರ್ದು ಕೊಡ್ಲಿ."

ಮಾರ್ತಾ ಮೂರೇ ಸಾಲು ಬರೆದಳು. ಅಡಿಟಿಪ್ಪಣಿ ಇರಲಿಲ್ಲ. ಪೇದೆ ತಕ್ಷಣ ಒಪ್ಪಿಕೊಂಡರು.

ಅದರ ಪ್ರತಿಯನ್ನು ಜೋಪಾನವಾಗಿರಿಸಿದ್ದೇನೆ. ಕೊಪ್ಪದಲ್ಲಿ ನಾನು ಆ ಕಾಲದಲ್ಲಿ ಜೀವಿಸಿದ್ದೆನೆಂಬುದಕ್ಕೆ ಉಪಲಬ್ಧವಿರುವ ಏಕೈಕ ಲಿಖಿತ ಆಧಾರ ಅದು. ಈ ಲೇಖನವನ್ನು ಇಲ್ಲಿಯವರೆಗೆ ಬರೆದ ಮೇಲೆ ಅದನ್ನು ತೆಗೆದು ದಿನಾಂಕ ತಾಳೆ ನೋಡಿದೆ. 2006. ಹಿಂದಿನ ವರ್ಷದ ಖಾಲಿ ಡೈರಿಯೊಂದು ಉಳಿದಿತ್ತೆಂದು ಅದರಲ್ಲೇ ದಿನಚರಿ ಬರೆದಿದ್ದೆನೆಂಬುದು ಆಗ ನೆನಪಾಯಿತು.

ಸಾವಿತ್ರಿಗೆ ಆ ಪ್ರತಿಯನ್ನು ಇನ್ನೂ ತೋರಿಸಿಲ್ಲ.