ಸಾಯಲು ಯಾರೂ ಸಿಕ್ಕದ ನಾಟಕ

ಷಡಕ್ಷರಿ ಮೇಷ್ಟರ ನಾಟಕದ ಕೊನೆಯಲ್ಲಿ ಒಬ್ಬರು ಸಾಯಲೇಬೇಕಿತ್ತು. ಸಾಯಲು ಮಾತ್ರ ಯಾರೂ ಸಿಕ್ಕಲಿಲ್ಲ.

ಅರಕಲಗೂಡಿನ ಮಿಡ್ಲ್ ಸ್ಕೂಲೊಂದರಲ್ಲಿ ಅಂದು ಸಂಜೆ ವಾರ್ಷಿಕೋತ್ಸವ. ಹಾಡು, ಕುಣಿತ, ನಾಟಕ ಎಲ್ಲವೂ ಶಾಲೆಯವರೇ ಹೊಸದಾಗಿ ಕಟ್ಟಿದ್ದು. ಹೊಳೆನರಸೀಪುರದ ಜವಳಿ ವ್ಯಾಪಾರಿ ಗೌರೀಶಂಕರಪ್ಪನವರು ಹೆಂಡತಿ, ಮಗಳ ಸಮೇತ ಬರುವವರಿದ್ದರು. ಮಗಳು ಪ್ರೇಮಕುಮಾರಿಯನ್ನು ಮೇಷ್ಟರಿಗೆ ಕೊಡುವ ಮಾತಾಗಿತ್ತು, ಸೋಮವಾರ ವೀಳ್ಯಶಾಸ್ತ್ರ. ಹೆಣ್ಣು ನೋಡಲು ಹೋದಾಗ ಆಕೆ, "ನಾಟಕ ನೋಡಿ ನಾನು ಒಂದ್ಸಲಾನೂ ಅತ್ತಿಲ್ಲ" ಎಂದು ನಕ್ಕಿದ್ದಳು. ಆ ನಗುವಿಗೆ ಸೋತ ಮೇಷ್ಟರು, ಇವಳನ್ನು ಅಳಿಸಿಯೇ ಮದುವೆಯಾಗುತ್ತೇನೆಂದು ಈ ದುಃಖದ ನಾಟಕ ಬರೆದಿದ್ದರು. ಪಾಪ, ಬೇರೆ ಕೆಲಸವಿರಲಿಲ್ಲ.

ಬೆಳಿಗ್ಗೆಯೇ ಮಲ್ಲಿಪಟ್ಟಣದಿಂದ ಮಾದಮ್ಮ ಬಂದಳು. ಸಾಯುವ ಪಾತ್ರ ಅವಳ ಮಗನದು.

"ಸುಕ್ರವಾರ ನನ್ ಮಗ ಸಾಯಾಕಿಲ್ಲ ಸಾ. ಬೇಕಾರೆ ಕಾಲು ಮುರ್ಕತಾನೆ."

"ನಾಟಕದಲ್ಲಿ ಕಣಮ್ಮಾ!"

"ನಾಟ್ಕ ಅಂತ ಯಮಂಗೆ ಯೋಳೋರ್ಯಾರು ಸಾ?"

ಪಾತ್ರ ದ್ಯಾವಯ್ಯನ ಮಗನಿಗೆ ಬಂತು. ಸುದ್ದಿ ಮುಟ್ಟಿದ್ದೇ ತಡ, ದ್ಯಾವಯ್ಯ ಹುಡುಗನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಊರೇ ಬಿಟ್ಟ.

ಹೆಡ್‌ಮಾಸ್ತರು ಗುಂಡಯ್ಯನವರಿಗೆ ಕನಿಕರ ಬಂತು. "ನಮ್ಮ ಕಡೆ ನಾಟಕದೋರು ಮಾಡೋ ಹಂಗೆ ಮಾಡ್ರೀ. ಸತ್ತೋನು ಎಲ್ಲರೆದುರಿಗೆ ಎದ್ದು ಮಂಗಳಾರತಿ ತಗೊಂಡ್ರೆ ದೋಷ ಕಳೀತು."

"ಸತ್ತೋನು ಎದ್ದುಬಿಟ್ರೆ ಅಳೋರ್ಯಾರು ಸಾರ್?" ಮೇಷ್ಟರು ಮಂಗಳಾರತಿಯನ್ನೇ ಕೈಬಿಟ್ಟರು. ತಾವೇ ಸಾಯುವುದೆಂದು ನಿಶ್ಚಯಿಸಿದರು.

ಸಂಜೆ ಪೆಟ್ರೋಮ್ಯಾಕ್ಸ್ ಹೊತ್ತಿತು. ಹುಡುಗಿಯರ ನವಿಲು ಕುಣಿತದಲ್ಲಿ ನವಿಲಿನ ಬಾಲ ಬಿದ್ದುಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೇಷ್ಟರು ಹಾವು ಕಚ್ಚಿಸಿಕೊಂಡು, ಉದ್ದನೆಯ ಮಾತಾಡಿ, ಸತ್ತರು. ಜವಾನ ಬೋರಪ್ಪ ಪರದೆ ಎಳೆದ. ಹಗ್ಗ ಸಿಕ್ಕಿಕೊಂಡು ಪರದೆ ಅರ್ಧಕ್ಕೇ ನಿಂತಿತು.

ದೀಪದ ಹುಳುಗಳು ಹೆಣದ ಮುಖಕ್ಕೆ ಮುತ್ತಿದವು. ಒಂದು ಮೂಗಿಗೇ ಹೊಕ್ಕಿತು. ಬದಿಯಿಂದ ಗುಂಡಯ್ಯನವರು ಪಿಸುಗುಟ್ಟಿದರು: "ಏಳ್ರೀ! ತಟ್ಟೆ ತಂದಿದೀನಿ, ಆರತಿ ತಗೊಳ್ಳಿ!"

ಮೇಷ್ಟರು ಒಂದು ಕಣ್ಣನ್ನು ಚೂರೇ ಚೂರು ತೆರೆದರು. ಮುಂದಿನ ಸಾಲಿನಲ್ಲಿ ಪ್ರೇಮಕುಮಾರಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಬದುಕಿದ್ದಾಗ ಅವರಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಸೀನನ್ನು ನುಂಗಿಕೊಂಡು ಮಲಗಿಯೇ ಇದ್ದರು. ಕೊನೆಗೆ ಬೋರಪ್ಪನೇ ಬಂದು ಎರಡೂ ಕಾಲು ಹಿಡಿದು ದರದರ ಎಳೆದುಕೊಂಡು ಹೋದ.

ಬಣ್ಣ ಅಳಿಸದೆ ಹೊರಗೋಡಿದರೆ ಮುಂದಿನ ಸಾಲು ಖಾಲಿ. ಗೌರೀಶಂಕರಪ್ಪನವರ ಸಂಸಾರ ಆಗಲೇ ಬಸ್ ಹತ್ತುತ್ತಿತ್ತು.

"ಬಹಳ ಚೆನ್ನಾಗಿ ಸತ್ತಿರಿ ಮೇಷ್ಟ್ರೇ" ಎಂದರು ಅವರು, ಮುಖ ನೋಡದೆ. "ಆದ್ರೆ ಸೋಮವಾರ ನಾವು ಬರೋಲ್ಲ."

ಹೆಂಡತಿ ಸುವರ್ಣಮ್ಮ ತಿರುಗಿದರು. "ವೀಳ್ಯಕ್ಕೆ ಮುಂಚೇನೇ ಅಳಿಯನ ಹೆಣ ನೋಡೋ ಹಂಗಾಯ್ತಲ್ಲಪ್ಪ! ಎದ್ದು ಆರತಿ ತಗೊಂಡ್ರೆ ಸರಿ, ಏಳದಿದ್ರೆ ಈ ಸಂಬಂಧ ಬೇಡ ಅಂತ ಅಲ್ಲೇ ಇವಳಿಗೂ ಅಂದೆ."

"ಈಗಲೇ ತಗೋತೀನಿ ಅಮ್ಮ! ತಟ್ಟೆ ಅಲ್ಲೇ ಇದೆ!"

"ಹೆಣಾನ ಎಳ್ಕೊಂಡು ಹೋಗಿದ್ದೂ ಕಣ್ಣಾರೆ ನೋಡಿದ್ವಿ."

ಬಸ್ಸು ಗುರುಗುಟ್ಟಿತು. ಮೇಷ್ಟರು ಕಿಟಕಿಯ ಸರಳು ಹಿಡಿದು ಜೊತೆಗೇ ಓಡಿದರು.

"ನೀವು ಅತ್ತಿರಲ್ಲಾ, ಪ್ರೇಮಕುಮಾರಿ! ನಾನೇ ನೋಡ್ದೆ!"

"ಏಳಲಿ, ಏಳಲಿ ಅಂತ ಬೇಡ್ಕೋತಿದ್ದೆ ಕಣ್ರೀ" ಎಂದಳು ಆಕೆ, ಕಣ್ಣೊರೆಸಿಕೊಳ್ಳುತ್ತ. "ನಾಟಕಕ್ಕೆ ನಾನ್ಯಾಕೆ ಅಳಲಿ?"